ಹೊಂಗೆ ಮೊದಲ ಸಲ ಎಲೆ ಬಿಟ್ಟುಕೊಟ್ಟದ್ದು

ಬೆಟ್ಟಗಳ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ ಅದು. ಹಕ್ಕಿಗಳಿಗೆ ತಮ್ಮ ತಮ್ಮ ಕೂಗು ಇನ್ನೂ ಸರಿಯಾಗಿ ಬಾಯಿಪಾಠ ಆಗಿರಲಿಲ್ಲ. ಸೂರ್ಯ ಆಗ ಬಲು ದೂರದಲ್ಲಿರುತ್ತಿದ್ದ. ಇಡೀ ದಿನ ಎಳೆಬಿಸಿಲೇ. ಬೇಸಿಗೆ ಎಂಬ ಮಾತು ಯಾರ ಬಾಯಲ್ಲೂ ಇರಲಿಲ್ಲ. ಮರಗಳ ಎಲೆ ಉದುರುತ್ತಲೂ ಇರಲಿಲ್ಲ.

ಒಂದು ಹಳ್ಳದ ದಡದಲ್ಲಿ ಹೊಂಗೆ ಇದ್ದಳು. ಆಲದಷ್ಟು ಅಗಲದವಳಲ್ಲ, ತೇಗದಷ್ಟು ಎತ್ತರದವಳೂ ಅಲ್ಲ. ಅವಳ ಸಿರಿಯೆಂದರೆ ಅವಳ ಎಲೆಗಳು. ಹುಟ್ಟಿದಾಗಿನಿಂದ ಜೊತೆಗಿದ್ದ ಎಲೆಗಳು. ಯಾವುದು ಗಾಳಿಗೆ ಮೊದಲು ಅಲುಗುತ್ತದೆ, ಯಾವುದು ಸೋಮಾರಿ, ಯಾವುದರ ಮರೆಯಲ್ಲಿ ಇರುವೆ ನಿದ್ದೆ ಹೋಗುತ್ತದೆ, ಎಲ್ಲ ಅವಳಿಗೆ ಗೊತ್ತಿತ್ತು.

ಹಳ್ಳದ ಆಚೆ ಒಂದು ಗುಡಿಸಲಲ್ಲಿ ಕಾಟಕ್ಕ ಎಂಬ ಹೆಂಗಸು ಇದ್ದಳು. ಬಸುರಿ. ಆಡು ಮೇಯಿಸಲು ಬಂದಾಗ ಹೊಂಗೆಯ ಬುಡಕ್ಕೆ ಒರಗಿ ಕೂರುತ್ತಿದ್ದಳು, ಹೊಟ್ಟೆಯೊಳಗಿನ ಕೂಸಿನ ಜೊತೆ ಮಾತಾಡುತ್ತಿದ್ದಳು. ಹೊಂಗೆ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು.

ಒಂದು ದಿನ ಮೂಡಣ ಗಾಳಿ ಏದುಸಿರು ಬಿಡುತ್ತ ಬಂತು. ಸೂರ್ಯನಿಗೆ ಭೂಮಿಯನ್ನು ಹತ್ತಿರದಿಂದ ನೋಡುವ ಆಸೆ ಆಗಿದೆಯಂತೆ. ಇನ್ನು ಮೇಲೆ ವರ್ಷಕ್ಕೊಮ್ಮೆ ಬಂದು, ಒಂದಷ್ಟು ಕಾಲ ಎಲ್ಲರ ನೆತ್ತಿಯ ಮೇಲೇ ಇದ್ದು ಹೋಗುತ್ತಾನಂತೆ. ಅವನು ಕೆಟ್ಟವನಲ್ಲ, ಆದರೆ ತನ್ನ ಮೈ ಎಷ್ಟು ಬಿಸಿಯೆಂದು ಅವನಿಗೇ ಗೊತ್ತಿಲ್ಲ ಎಂದು ಹೇಳಿ ಗಾಳಿ ಮುಂದೆ ಹೋಯಿತು.

ಮರಗಳೆಲ್ಲ ಗುಸುಗುಸು ಮಾತಾಡಿಕೊಂಡವು. ಬೂರುಗ ಅತ್ತಿತು. ಬಂದಾಗ ನೋಡಿಕೊಂಡರಾಯಿತು ಎಂದಿತು ತೇಗ. ಹೊಂಗೆಗೂ ಹೆದರಿಕೆಯಾಯಿತು. ಆದರೆ ಅವಳಿಗೆ ಮೊದಲು ನೆನಪಾದವಳು ಕಾಟಕ್ಕ. ಅವಳಿಗೆ ದಿನ ತುಂಬುವುದೂ ಅದೇ ಹೊತ್ತಿಗಲ್ಲವೇ?

ಹಳ್ಳ ಅನೇಕ ಊರು ಸುತ್ತಿ ಬಂದವಳು. ಹೊಂಗೆ ಅವಳನ್ನೇ ಕೇಳಿದಳು, “ಅಕ್ಕಾ, ನೀನೇನು ಮಾಡ್ತೀಯ?”

“ನಾನು ಮರಳಿನ ಕೆಳಗೆ ಇಳಿದುಬಿಡ್ತೀನಿ ತಂಗಿ. ನೀನೂ ಬೇರು ಇಳಿಸು, ನನ್ನ ಹಿಂದೆಯೇ ಬಾ. ಆದರೆ ಈ ಎಲೆಗಳನ್ನ ಇಟ್ಟುಕೊಂಡರೆ ಆಗಲ್ಲ. ಇವು ಎಳೆಬಿಸಿಲಲ್ಲಿ ಬೆಳೆದವು. ಅವನು ಬರೋ ಹೊತ್ತಿಗೆ ಹೊಸ ಎಲೆ ನಿನ್ನ ಮೈಮೇಲೆ ಇರಬೇಕು. ಇವು ಹೋದರೇ ಅವಕ್ಕೆ ಜಾಗ.”

ಹೊಂಗೆ ಆ ದಿನವೆಲ್ಲ ತನ್ನ ಎಲೆಗಳನ್ನು ಒಂದೊಂದಾಗಿ ನೋಡಿದಳು.

ಮೊದಲು ಬೇರಿನ ಕೆಲಸ ಹಿಡಿದಳು. ಕಲ್ಲು ಅಡ್ಡ ಬಂದರೆ ಬಳಸಿಕೊಂಡು, ಮಣ್ಣಿನ ತೇವದ ವಾಸನೆ ಹಿಡಿದು ಕೆಳಗೆ ಕೆಳಗೆ ಹೋದಳು. ಅದು ಕಷ್ಟದ ಕೆಲಸ, ಆದರೂ ಆಯಿತು. ಎಲೆ ಬಿಡುವುದು ಮಾತ್ರ ಆಗಲಿಲ್ಲ. ನಾಳೆ, ನಾಳೆ ಎಂದು ಮುಂದೂಡುತ್ತಲೇ ಹೋದಳು.

ಕೊನೆಗೆ ಒಂದು ಬೆಳಿಗ್ಗೆ ಮನಸ್ಸು ಗಟ್ಟಿ ಮಾಡಿಕೊಂಡು ಎಲೆಗಳಿಗೇ ಎಲ್ಲ ಹೇಳಿದಳು. ಎಲ್ಲಕ್ಕಿಂತ ಕೆಳಗಿನ ಕೊಂಬೆಯ ಹಿರಿಯ ಎಲೆ ಹೇಳಿತು, “ಇಷ್ಟು ಕಾಲ ನಮ್ಮನ್ನ ಹಿಡಿದುಕೊಂಡಿದ್ದೆಯಲ್ಲ ತಾಯಿ, ನಮಗೆ ಅದೇ ತುಂಬಾ ಆಯ್ತು. ನಾವೇನು ದೂರ ಹೋಗ್ತೀವಾ? ನಿನ್ನ ಬುಡದಲ್ಲೇ ಇರ್ತೀವಿ. ಮಣ್ಣು ಒಣಗದ ಹಾಗೆ ಹೊದಿಕೆಯಾಗಿರ್ತೀವಿ.”

ಹಾಗೆಂದು ಅದು ಕಳಚಿಕೊಂಡಿತು. ಹಿಂದೆಯೇ ಇನ್ನೊಂದು, ಅದರ ಹಿಂದೆ ಮತ್ತೊಂದು.

ಬರಿಮೈಯಲ್ಲಿ ನಿಂತ ಹೊಂಗೆಯನ್ನು ಕಂಡು ಮಿಕ್ಕ ಮರಗಳು ಮುಖ ತಿರುಗಿಸಿದವು. ಕಾಟಕ್ಕ ಮಾತ್ರ ಓಡೋಡಿ ಬಂದು, ಏನು ಕಾಯಿಲೆ ಬಂತು ನಿನಗೆ ಎಂದು ಕೇಳಿದಳು. ಕಾಯಿಲೆಯಲ್ಲ, ಬರಲಿರುವ ಬಿಸಿಲಿಗೆ ಸಜ್ಜಾಗುತ್ತಿದ್ದೇನೆ ಎಂದಳು ಹೊಂಗೆ. ಸುಡುಬಿಸಿಲೆಂದರೆ ಏನೆಂದು ಕಾಟಕ್ಕನಿಗೆ ತಿಳಿಯಲಿಲ್ಲ. ಆದರೂ ದಿನಾ ಹಳ್ಳದಿಂದ ಕೊಡದಲ್ಲಿ ನೀರು ತಂದು ಬುಡಕ್ಕೆ ಹೊಯ್ದಳು. ತುಂಬಿದ ಹೊಟ್ಟೆ, ಸೊಂಟದ ಮೇಲೆ ಕೊಡ.

ಆಮೇಲೆ ಸೂರ್ಯ ಬಂದ.

ಕಲ್ಲು ಕಾದವು. ಹಳ್ಳ ಮರಳಿನ ಕೆಳಗೆ ಇಳಿದಳು. ತೇಗದ ಎಲೆಗಳು ಹಪ್ಪಳದ ಹಾಗೆ ಸುಟ್ಟು ಬಿದ್ದವು. ಬೂರುಗ ಬರಿದಾಯಿತು, ಹೊಸ ಎಲೆ ಹುಟ್ಟಿಸಲು ಅದಕ್ಕೆ ತ್ರಾಣ ಉಳಿದಿರಲಿಲ್ಲ. ಹೊಂಗೆಯ ಬೇರು ಮಾತ್ರ ಕೆಳಗೆ ಹರಿಯುತ್ತಿದ್ದ ಹಳ್ಳವನ್ನು ಮುಟ್ಟಿತ್ತು. ಅವಳ ಮೈತುಂಬ ಎಳೆಯ ಎಲೆ, ಎಣ್ಣೆ ಸವರಿದ ಹಾಗೆ ಹೊಳೆಯುವ ಎಲೆ.

ಕಾಟಕ್ಕನಿಗೆ ಅದೇ ಹೊತ್ತಿಗೆ ನೋವು ಶುರುವಾಯಿತು. ಗುಡಿಸಲು ಒಲೆಯಂತೆ ಕಾದಿತ್ತು. ಕಾದ ಮರಳು ದಾಟಿ, ಕೋಲೂರಿ, ಹೇಗೋ ಹೊಂಗೆಯ ಬುಡ ಮುಟ್ಟಿದಳು. ಹೊಂಗೆ ತನ್ನ ಕೊಂಬೆಗಳನ್ನು ಬಾಗಿಸಿಕೊಟ್ಟಳು. ಕಾಟಕ್ಕ ಒಂದನ್ನು ಬಿಗಿಯಾಗಿ ಹಿಡಿದುಕೊಂಡಳು. ಆ ನೆರಳಿನಲ್ಲಿ ಹೆಣ್ಣುಕೂಸು ಹುಟ್ಟಿತು, ಗಟ್ಟಿಯಾಗಿ ಅತ್ತಿತು.

ಸೂರ್ಯ ಎಲೆಗಳ ಸಂದಿಯಿಂದ ಬಗ್ಗಿ ನೋಡಿದ. ಅವನು ಬಂದಾಗಿನಿಂದ ಎಲ್ಲರೂ ಕಣ್ಣು ಮುಚ್ಚಿಕೊಂಡಿದ್ದರು. ಕಣ್ಣು ಬಿಟ್ಟು ನೋಡಿದ್ದು ಈ ಕೂಸೊಂದೇ, ಅದೂ ನೆರಳಿನಲ್ಲಿದ್ದುದರಿಂದ. ತನ್ನ ಬಿಸಿ ಏನೆಂದು ಅವನಿಗೆ ಆಗ ಅರ್ಥವಾಯಿತು. ಬರುವುದನ್ನು ಬಿಡಲಾರೆ, ಮಳೆಗೆಂದು ಕಡಲಿನಿಂದ ಮೋಡವನ್ನೂ ಎಬ್ಬಿಸಬೇಕು, ಇನ್ನು ಮೇಲೆ ಪ್ರತಿ ಸಲ ಬರುವ ಮೊದಲು ನಾನೇ ಗಾಳಿಯ ಕೈಯಲ್ಲಿ ಹೇಳಿ ಕಳಿಸುತ್ತೇನೆ ಎಂದು ಹೊಂಗೆಗೆ ಮಾತು ಕೊಟ್ಟ.

ಕಾಟಕ್ಕ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕಾಂಡದ ಮೇಲೆ ಕೈಯಿಟ್ಟಳು. “ನನ್ನ ಮಗಳು ಮೊದಲ ಉಸಿರು ತಗೊಂಡಿದ್ದು ನಿನ್ನ ನೆರಳಲ್ಲಿ. ನಿನ್ನ ಋಣ ದೊಡ್ಡದು ತಾಯಿ,” ಎಂದಳು.

ಹೊಂಗೆಗೆ ಎಲ್ಲ ನೆನಪಾಯಿತು. ಕಾಟಕ್ಕ ಹೊತ್ತು ತಂದ ನೀರು, ದಾರಿ ತೋರಿದ ಹಳ್ಳ, ಬುಡದಲ್ಲಿ ಮಣ್ಣನ್ನು ತಂಪಾಗಿಟ್ಟಿದ್ದ ಹಳೆಯ ಎಲೆಗಳು, ಯಾರಿಗೆಂದು ಕೈ ಮುಗಿಯುವುದು? ಅವಳು ಮೈಯೆಲ್ಲ ಹೂವಾದಳು. ಅಕ್ಕಿಕಾಳಿನಂಥ ಪುಟ್ಟ ಹೂಗಳು ತಾಯಿಯ ಮೇಲೆ, ಕೂಸಿನ ಮೇಲೆ ಮೆಲ್ಲಗೆ ಉದುರಿದವು.

ಅದಕ್ಕೇ ನೋಡು ಮಗು, ಇಂದಿಗೂ ಚಳಿ ಕಳೆದು ಒಣಗಾಳಿ ಬೀಸುತ್ತಲೇ ಹೊಂಗೆ ತನ್ನ ಎಲೆಗಳನ್ನು ಬಿಟ್ಟುಕೊಡುತ್ತದೆ, ಬಿಸಿಲು ಏರುವ ಹೊತ್ತಿಗೆ ಹಸಿರು ತುಂಬಿಕೊಂಡು ನಿಲ್ಲುತ್ತದೆ, ತನ್ನ ನೆರಳಿಗೆ ಬಂದು ಕೂತವರ ತಲೆಯ ಮೇಲೆ ಹೂ ಉದುರಿಸುತ್ತದೆ.