ಮನೆಬಸ್ಸಿಗೆ ಟ್ರ್ಯಾಕರ್

ಚನ್ನವೀರಶೆಟ್ಟರು ಅಡುಗೆಮನೆ, ಮಂಚ ಎಲ್ಲ ಇರುವ ಮನೆಬಸ್ಸು ಕೊಂಡರು. ನಿಲ್ಲಿಸಿದ ಕಡೆಯೆಲ್ಲ ಜನ ಬಂದು ಇಣುಕುತ್ತಿದ್ದರು. ಶೆಟ್ಟರು ಗದರಿ ಓಡಿಸುತ್ತಿದ್ದರು. ಅವರು ಅತ್ತ ಹೋದರೆ ಸಾಕು, ಡ್ರೈವರ್ ಬಾಗಿಲು ತೆಗೆದು ತೋರಿಸುತ್ತಿದ್ದ.

“ನೀನೇ ಬಸ್ಸು ಓಡಿಸ್ಕೊಂಡು ಪರಾರಿಯಾದ್ರೆ? ಟ್ರ್ಯಾಕರ್ ಹಾಕಿಸ್ತೀನಿ. ಎಲ್ಲಿದ್ರೂ ಗೊತ್ತಾಗತ್ತೆ,” ಎಂದರು ಶೆಟ್ಟರು.

“ನಾಳೆ ಎಲ್ಲಿಗೆ ಅಂತ ಹೇಳ್ದೆ ಬಸ್ಸು ತಗೊಂಡು ಹೋಗ್ತೀನಿ ಸಾವ್ಕಾರ್ರೇ. ದಾರೀಲಿ ಟೀ ಅಂಗಡಿಗಳಲ್ಲಿ ಕೇಳ್ಕೊಂಡು ಬನ್ನಿ. ನಾನು ಸಿಗದಿದ್ರೆ ಹಾಕಿಸಿ.”

ಮರುದಿನ ಮೂರನೇ ಅಂಗಡಿ ದಾಟುತ್ತಲೇ ಬಸ್ಸು ಸಿಕ್ಕಿತು. ಆದರೆ ಕಾರಿನಿಂದ ಇಳಿದ ಶೆಟ್ಟರ ಮುಖ ಸಪ್ಪಗಿತ್ತು.

“ಯಾರೂ ದಾರಿ ಹೇಳ್ಲಿಲ್ವಾ?” ಎಂದ ಡ್ರೈವರ್.

“ಎಲ್ಲರೂ ಹೇಳಿದ್ರು. ‘ನೋಡೋಕೆ ಹೋದ್ರೆ ಬೈತಾರಲ್ಲ, ಆ ಸಾವ್ಕಾರಂದಾ?’ ಅಂದ್ರು. ನಂದೇ ಅನ್ನೋಕೆ ಬಾಯೇ ಬರ್ಲಿಲ್ಲ.”

“ಹಂಗಾದ್ರೆ ಟ್ರ್ಯಾಕರ್?”

“ಬೇಡ ಬಿಡು. ವಾಪಸ್ ಹೋಗ್ತಾ ಮೂರೂ ಅಂಗಡಿ ಹತ್ರ ನಿಲ್ಸು. ಬಾಗಿಲು ನಾನೇ ತೆಗೀತೀನಿ.”