ಒಂದೇ ಓಣಿಯ ಎರಡು ಮಂಡಕ್ಕಿ ಭಟ್ಟಿ

"ಸರ್, ಬಾಗಿಲು ಮುಚ್ಚಿದ ಕಾರ್ಖಾನೆಗಳನ್ನು ನನ್ನ ಅಧ್ಯಯನದಿಂದ ಬಿಟ್ಟುಬಿಡಬಹುದೇ?" ಎಂದು ವನಜಾಕ್ಷಿ ಕೇಳಿದಳು.

ಅವಳು ಸಣ್ಣ ಕೈಗಾರಿಕೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಹೊಸ ಯಂತ್ರ ತಂದುಕೊಂಡವರು ಏಳಿಗೆ ಹೊಂದುತ್ತಾರೆಯೇ ಎಂಬುದು ಅವಳ ವಿಷಯ. ಊರೂರು ಸುತ್ತಿ ಯಜಮಾನರನ್ನು ಮಾತಾಡಿಸಿ ಬಂದಿದ್ದಳು. ಹೊಂದುತ್ತಾರೆ ಎಂದೇ ಅಂಕಿಗಳು ಹೇಳುತ್ತಿದ್ದವು. ನಡುವೆ ಮುಚ್ಚಿಹೋದ ಕೆಲವು ಕಾರ್ಖಾನೆಗಳು ಮಾತ್ರ ತೊಡಕಾಗಿದ್ದವು. ಅಲ್ಲಿ ಉತ್ತರ ಕೊಡುವವರು ಯಾರೂ ಇರಲಿಲ್ಲ. ಅವನ್ನು ಕೈಬಿಟ್ಟರೆ ಪ್ರಬಂಧ ಈ ವರ್ಷವೇ ಮುಗಿಯುತ್ತಿತ್ತು.

ಅವಳ ಮಾರ್ಗದರ್ಶಕರು ಬಕ್ಕೇಶಪ್ಪನವರು. ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವ ಅಭ್ಯಾಸ ಅವರಿಗಿರಲಿಲ್ಲ. "ಕೂತ್ಕೋ ಅಮ್ಮ" ಎಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಮಂಡಕ್ಕಿ ಭಟ್ಟಿಗಳ ಓಣಿಯೊಂದಿತ್ತು. ಅಲ್ಲಿ ಒಬ್ಬ ಭಾವನೂ ಅವನ ಭಾಮೈದನೂ ಅಕ್ಕಪಕ್ಕದಲ್ಲಿ ಭಟ್ಟಿ ನಡೆಸುತ್ತಿದ್ದರು. ಭಾಮೈದನ ಅಕ್ಕನನ್ನು ಭಾವನಿಗೆ ಕೊಟ್ಟಿದ್ದರು. ವ್ಯಾಪಾರದಲ್ಲಿ ಪೈಪೋಟಿ ಇದ್ದರೂ ಹಬ್ಬದ ಊಟ ಒಂದೇ ಮನೆಯಲ್ಲಿ ಆಗುತ್ತಿತ್ತು. ಭಾವ ಮುನ್ನುಗ್ಗುವ ಸ್ವಭಾವದವನು. ಭಾಮೈದ ಅಳೆದು ತೂಗಿ ಹೆಜ್ಜೆ ಇಡುವವನು. ಕೈಸುಟ್ಟುಕೊಂಡವರನ್ನು ನೋಡಿ ಕಲಿಯಬೇಕೇ ಹೊರತು ತಾನೇ ಸುಟ್ಟುಕೊಂಡು ಕಲಿಯಬಾರದು ಎಂಬುದು ಅವನ ನಂಬಿಕೆ.

ಭಟ್ಟಿಯ ಕೆಲಸ ಹಲವು ಕೈಗಳ ಕೆಲಸ. ಒಬ್ಬರು ಭತ್ತ ನೆನೆಸಿ ಬೇಯಿಸುತ್ತಾರೆ. ಇನ್ನೊಬ್ಬರು ಒಣಗಿಸುತ್ತಾರೆ. ಭತ್ತ ಗಿರಣಿಯಿಂದ ಅಕ್ಕಿಯಾಗಿ ಬಂದ ಮೇಲೆ ಮತ್ತೊಬ್ಬರು ಉಪ್ಪುನೀರು ಹಚ್ಚುತ್ತಾರೆ. ಕೊನೆಗೆ ಒಲೆಯವನು ಅದನ್ನು ಕಾದ ಮರಳಿನಲ್ಲಿ ಹುರಿಯುತ್ತಾನೆ. ಅಕ್ಕಿ ಅರಳಿ ಮಂಡಕ್ಕಿಯಾಗುತ್ತದೆ. ಯಜಮಾನರು ಭಟ್ಟಿಯ ಮುಂಭಾಗದ ಅಂಗಡಿಯಲ್ಲಿ ಗಾದಿಯ ಮೇಲೆ ಕೂರುತ್ತಿದ್ದರು. ಒಳಗಿನ ಹೊಗೆಗೆ ಅವರು ಹೋಗುತ್ತಿದ್ದುದು ಕಡಿಮೆ.

ಒಂದು ವರ್ಷ ಭಾವನ ಒಲೆಯವನು ಎದೆಯ ಕಾಯಿಲೆಯಿಂದ ತೀರಿಕೊಂಡ. ಹೊಗೆ ಕುಡಿದು ಕುಡಿದು ಬಂದ ಕಾಯಿಲೆ ಅದು. ಭಾವ ಅವನ ಮಣ್ಣಿಗೆ ಹೋಗಿ ಬಂದ. ಆಮೇಲೆ ಹೊಗೆಯಿಲ್ಲದೆ ಹುರಿಯುವ ಯಂತ್ರವೊಂದನ್ನು ತರಿಸಿದ. ಹಳೆಯ ಒಲೆಗಳನ್ನು ಒಡೆಸಿ ಆ ಜಾಗದಲ್ಲೇ ಯಂತ್ರ ನಿಲ್ಲಿಸಿದ.

ಮೊದಲ ದಿನವೇ ಎಡವಟ್ಟಾಯಿತು. ಅರ್ಧ ಅಕ್ಕಿ ಸೀದುಹೋಯಿತು, ಅರ್ಧ ಅರಳದೆ ಕಲ್ಲಿನಂತೆ ಉಳಿಯಿತು. ಯಂತ್ರ ಕೂರಿಸಿದ ಮೆಕ್ಯಾನಿಕ್ ಬಂದು ಎಲ್ಲ ಬಿಚ್ಚಿ ನೋಡಿದ. ಯಂತ್ರದಲ್ಲಿ ದೋಷವಿಲ್ಲ ಎಂದು ಹೇಳಿ ಹೋದ. ಹಿಂದಕ್ಕೆ ಹೋಗೋಣವೆಂದರೆ ಒಲೆ ಇರಲಿಲ್ಲ. ಭಾವನಿಗೆ ಬೇರೆ ದಾರಿ ತೋಚಲಿಲ್ಲ. ಗಾದಿ ಬಿಟ್ಟು ಒಳಗೆ ಹೋದ. ಯಂತ್ರದ ಪಕ್ಕದಲ್ಲಿ ಚಾಪೆ ಹಾಸಿ, ಕೆಲಸದವರನ್ನೆಲ್ಲ ಕೂರಿಸಿಕೊಂಡು, ತಾನೂ ಕೂತ.

ಮೊದಮೊದಲು ಅಲ್ಲಿ ಜಗಳವೇ ಆಯಿತು. ಉಪ್ಪು ಹಚ್ಚುವವಳು ಬೆಂಕಿ ಜಾಸ್ತಿ ಎಂದಳು. ಈಗ ಯಂತ್ರದ ಬೆಂಕಿ ನೋಡುವವನು ಅಕ್ಕಿ ಹಸಿ ಎಂದ. ಒಣಗಿಸುವವನು ಭತ್ತ ಬೆಂದೇ ಇಲ್ಲ ಎಂದ. ಭಾವನೂ ಎಲ್ಲರ ಮೇಲೆ ಕೂಗಾಡಿದ. ಕೂಗಾಡಿ ದಣಿದ ಮೇಲೆ ಒಬ್ಬರ ಮಾತು ಒಬ್ಬರು ಕೇಳತೊಡಗಿದರು. ಹಾಗೆ ಕೇಳಿದಾಗ ಒಂದು ಸಂಗತಿ ಮೆಲ್ಲಗೆ ತಿಳಿಯಿತು. ಹಿಂದೆಲ್ಲ ಪ್ರತಿಯೊಬ್ಬರಿಂದಲೂ ಅಷ್ಟಿಷ್ಟು ಹೆಚ್ಚುಕಡಿಮೆ ಆಗುತ್ತಿತ್ತು. ತೀರಿಹೋದ ಒಲೆಯವನು ಅಕ್ಕಿಯ ಹದ ನೋಡಿ ಬೆಂಕಿ ಏರಿಸಿ ಇಳಿಸಿ ಎಲ್ಲರ ತಪ್ಪನ್ನೂ ಮುಚ್ಚುತ್ತಿದ್ದ. ಅವರಿಗೆ ಅದು ಗೊತ್ತಿರಲಿಲ್ಲ. ಬಹುಶಃ ಅವನಿಗೂ ಗೊತ್ತಿರಲಿಲ್ಲ. ಯಂತ್ರ ಯಾರ ತಪ್ಪನ್ನೂ ಮುಚ್ಚುತ್ತಿರಲಿಲ್ಲ.

ಮಳೆಗಾಲ ಪೂರ್ತಿ ಅವರು ಹಾಗೆ ಕೂತೆದ್ದರು. ವ್ಯಾಪಾರ ಅರ್ಧಕ್ಕೆ ಬಿತ್ತು. ಕೊನೆಗೆ ಒಂದು ಪದ್ಧತಿ ಗಟ್ಟಿಯಾಯಿತು. ಬೆಳಿಗ್ಗೆ ಯಂತ್ರ ಹಾಕುವ ಮುಂಚೆ ಒಂದು ಹಿಡಿ ಅಕ್ಕಿಯನ್ನು ಬಾಣಲೆಯಲ್ಲಿ ಹುರಿಯುವುದು. ಎಲ್ಲರೂ ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳುವುದು. ಯಾರೇ ಆಗಲಿ, ಇವತ್ತು ಬೇಡ ಎಂದರೆ ಯಂತ್ರ ಹಾಕುವಂತಿಲ್ಲ. ಯಜಮಾನನ ಮಾತೂ ಅಲ್ಲಿ ಒಂದು ಮಾತು, ಅಷ್ಟೆ.

ಆಮೇಲೆ ಭಾವನ ಮಂಡಕ್ಕಿ ಹೆಸರು ಮಾಡಿತು. ಹಗುರ, ಬಿಳುಪು, ಹಲ್ಲಿಗೆ ಸಿಗುವ ಕಾಳಿಲ್ಲ. ಬೇರೆ ಊರಿನ ಸಗಟು ವ್ಯಾಪಾರಿಗಳು ಅವನ ಬಾಗಿಲಿಗೆ ಬಂದರು.

ಭಾಮೈದ ಇದನ್ನೆಲ್ಲ ಪಕ್ಕದಿಂದ ನೋಡುತ್ತಿದ್ದ. ಭಾವ ಮುಳುಗುತ್ತಾನೆ ಎಂದು ಮೊದಲು ಹೆದರಿದ್ದ. ಅಕ್ಕನ ಮುಖ ನೆನೆದು ರಾತ್ರಿ ನಿದ್ದೆಗೆಟ್ಟದ್ದೂ ಉಂಟು. ಈಗ ತನಗೂ ಯಂತ್ರ ಬೇಕೇನೋ ಎನಿಸಿತು. ಆದರೂ ಒಬ್ಬನ ಗೆಲುವು ನೋಡಿ ಕೈಹಾಕುವುದು ಬೇಡ ಎಂದು ತಡೆದುಕೊಂಡ.

ಅಷ್ಟರಲ್ಲಿ ಪಟ್ಟಣದಿಂದ ಒಬ್ಬ ಪಂಡಿತ ಬಂದ. ವ್ಯಾಪಾರ ಶಾಸ್ತ್ರ ಓದಿದವನು. ಎಷ್ಟೋ ಊರುಗಳ ಭಟ್ಟಿ, ಗಿರಣಿ, ಗಾಣಗಳನ್ನು ನೋಡಿ, ಯಾರು ಯಂತ್ರ ತಂದರು, ಯಾರು ತರಲಿಲ್ಲ, ಯಾರು ಬೆಳೆದರು ಎಂದು ಅಧ್ಯಯನ ಮಾಡುತ್ತಿದ್ದ. ಭಾವನ ಗಾದಿಯ ಮೇಲೆ ಕೂತು ವಿಚಾರಿಸಿದ. ಭಾವ ಮಳೆಗಾಲದ ಪಡಿಪಾಟಲು ಹೇಳಲು ಹೊರಟಾಗ ಪಂಡಿತ ನಯವಾಗಿ ತಡೆದ.

"ಅದು ಯಂತ್ರ ಹಿಡಿತಕ್ಕೆ ಬರುವ ಮುಂಚಿನ ಕಾಲ, ಯಜಮಾನರೇ. ಅದನ್ನು ನಾವು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಸರಿಯಾಗಿ ಓಡಲು ಶುರುವಾದ ಮೇಲಿನದು ಹೇಳಿ."

ಭಾವ ಅದನ್ನೇ ಹೇಳಿದ.

ಪಂಡಿತನ ಬರಹ ಅಚ್ಚಾಗಿ ಬಂತು. ಯಂತ್ರ ತಂದವರ ವ್ಯಾಪಾರ ತರದವರಿಗಿಂತ ಚೆನ್ನಾಗಿ ಬೆಳೆದಿದೆ ಎಂದು ಅದರಲ್ಲಿ ಸ್ಪಷ್ಟವಾಗಿ ಇತ್ತು. ಭಾಮೈದ ಅದನ್ನು ತರಿಸಿಕೊಂಡು ಓದಿದ. ಅರ್ಥವಾಗದ ಕಡೆ ತಿಳಿದವರನ್ನು ಕೇಳಿಕೊಂಡ. ಅವನಿಗೆ ಧೈರ್ಯ ಬಂತು. ಅದೇ ಯಂತ್ರ ತರಿಸಿದ. ಅದೇ ಮೆಕ್ಯಾನಿಕ್‌ನನ್ನು ಕರೆಸಿದ. ಶಾಖ ಎಷ್ಟು, ಅಕ್ಕಿ ಹುರಿಯುವ ಉರುಳೆ ತಿರುಗುವ ವೇಗ ಎಷ್ಟು, ಉಪ್ಪುನೀರು ಎಷ್ಟು ಎಂದು ಭಾವನನ್ನೇ ಕೇಳಿದ. ಭಾವ ಒಂದನ್ನೂ ಮುಚ್ಚಿಡಲಿಲ್ಲ. ಬೆಳಗಿನ ಹಿಡಿ ಮಂಡಕ್ಕಿಯ ವಿಷಯವನ್ನೂ ಹೇಳಿದ. ಭಾಮೈದ ನಕ್ಕ. ಕೆಲಸಕ್ಕೆ ಮುಂಚೆ ಹರಟೆ ಹೊಡೆಯುವುದು ಭಾವನ ಮನೆತನದ ಚಾಳಿ ಎಂದುಕೊಂಡ.

ಭಾಮೈದನ ಯಂತ್ರ ಮೊದಲ ದಿನದಿಂದಲೇ ಸರಾಗವಾಗಿ ಓಡಿತು. ಸೀಯಲಿಲ್ಲ, ಗಟ್ಟಿಯಾಗಲಿಲ್ಲ. ಭಾವ ಒಂದು ಮಳೆಗಾಲ ಪಟ್ಟ ಕಷ್ಟವನ್ನು ತಾನು ಪಡಲಿಲ್ಲ ಎಂದು ಅವನಿಗೆ ಒಳಗೊಳಗೇ ಸಮಾಧಾನವಾಯಿತು. ಅಳತೆಗಳೆಲ್ಲ ನಿಗದಿಯಾದ ಮೇಲೆ ಅಷ್ಟು ಜನ ಏಕೆ ಎನಿಸಿತು. ಕೆಲವರನ್ನು ಬಿಡಿಸಿದ. ಉಳಿದವರಿಗೆ, "ಗುಂಡಿ ಒತ್ತಿ, ಅಳತೆ ತಪ್ಪಿಸಬೇಡಿ. ಮಿಕ್ಕಿದ್ದು ಯಂತ್ರ ನೋಡ್ಕೊಳ್ತದೆ" ಎಂದ. ಅವರು ಹಾಗೇ ಮಾಡಿದರು. ಅವನು ಗಾದಿಯ ಮೇಲೆ ಕೂತ. ಆ ವರ್ಷ ಅವನ ವ್ಯಾಪಾರ ಭಾವನಿಗಿಂತ ಒಂದು ಕೈ ಮೇಲೇ ಇತ್ತು.

ಭಾವ ಮಾತ್ರ ತನ್ನ ಜನರಲ್ಲಿ ಒಬ್ಬರನ್ನೂ ಬಿಡಿಸಲಿಲ್ಲ. ಯಾರ ಮಾತು ಯಾವ ದಿನ ಬೇಕಾಗುತ್ತದೆ ಎಂದು ತನಗೆ ತಿಳಿಯದು ಎನ್ನುತ್ತಿದ್ದ.

ಮರುವರ್ಷ ಮಳೆ ಹೊತ್ತು ತಪ್ಪಿ ಬಂತು. ಭತ್ತ ಕಟಾವಿಗೆ ನಿಂತಾಗ ಸುರಿಯಿತು. ಆ ಸಲದ ಭತ್ತದ ಗುಣವೇ ಬೇರೆಯಾಗಿತ್ತು. ಓಣಿಯ ಎಲ್ಲರ ಮಂಡಕ್ಕಿಯೂ ಕೆಟ್ಟಿತು. ಭಾವನದೂ ಕೆಟ್ಟಿತು. ಅವನು ಯಂತ್ರ ನಿಲ್ಲಿಸಿ ತನ್ನವರೊಂದಿಗೆ ಮತ್ತೆ ಚಾಪೆಯ ಮೇಲೆ ಕೂತ. ಕೆಲವು ದಿನ ತಡವಾಯಿತು. ಮತ್ತೆ ಹದ ಸಿಕ್ಕಿತು.

ಭಾಮೈದ ಮೆಕ್ಯಾನಿಕ್‌ಗೆ ಹೇಳಿ ಕಳಿಸಿದ. ಅವನು ಬಂದು ನೋಡಿ, ದೋಷವಿಲ್ಲ ಎಂದ. ಭಾಮೈದ ಶಾಖ ಏರಿಸಿದ, ಇಳಿಸಿದ. ಉಪ್ಪು ಹೆಚ್ಚಿಸಿದ, ತಗ್ಗಿಸಿದ. ಒಂದೂ ಹತ್ತಲಿಲ್ಲ. ಮಂಡಕ್ಕಿ ಚೀಲಗಳು ಹಿಂದಕ್ಕೆ ಬರತೊಡಗಿದವು. ಒಂದು ಸಂಜೆ ಅವನು ಭಾವನ ಮನೆಗೆ ಹೋದ. ಅಕ್ಕ ಊಟಕ್ಕೆ ಏಳು ಎಂದರೂ ಏಳಲಿಲ್ಲ.

"ಭಾವ, ನಿನ್ನ ಯಂತ್ರವೇ ನನ್ನದು. ನೀನು ಕೊಳ್ಳೋ ಭತ್ತವೇ ನಾನೂ ಕೊಳ್ಳೋದು. ಈ ಸಲ ಏನು ಮಾಡಿದಿ ಹೇಳು. ಹಾಗೇ ಮಾಡ್ತೀನಿ."

"ನಿನಗೆ ಮುಚ್ಚಿಡೋದು ಏನೈತಿ ಮಾರಾಯ. ನೀನು ನೆನೆಸಿ ಬೇಯಿಸಿದ್ದು ಬೇರೆ, ನಾನು ಬೇಯಿಸಿದ್ದು ಬೇರೆ. ಹೋದ ವರ್ಷ ಭತ್ತ ಚೆನ್ನಾಗಿತ್ತು, ನಡೀತು. ಈ ಸಲ ನನ್ನ ಅಳತೆ ನಿನಗೆ ಹೊಂದೋದಿಲ್ಲ. ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚೂರು ಗೊತ್ತು. ಎಲ್ಲರೂ ಕೂತರೆ ಹೆಂಗೋ ಆಗ್ತದೆ. ನೀನೂ ನಿನ್ನವರನ್ನ ಕೂರಿಸಿ ಕೇಳಿ ನೋಡು."

ಭಾಮೈದ ಹಟಮಾರಿಯಲ್ಲ. ಮರುದಿನ ಬೆಳಿಗ್ಗೆ ಯಂತ್ರದ ಪಕ್ಕದಲ್ಲಿ ಹೊಸ ಚಾಪೆ ಹಾಸಿದ. ಉಳಿದಿದ್ದ ಕೆಲಸದವರನ್ನು ಕರೆದು ಕೂರಿಸಿದ. ಒಂದು ಹಿಡಿ ಅಕ್ಕಿ ತಾನೇ ಹುರಿದು ಎಲ್ಲರ ಕೈಗೂ ಹಾಕಿದ. "ಏನಾಗಿದೆ ಹೇಳಿ" ಎಂದ.

ಅವರು ಮಂಡಕ್ಕಿ ತಿಂದರು. ಒಬ್ಬರ ಮುಖ ಒಬ್ಬರು ನೋಡಿದರು. ನೆಲ ನೋಡಿದರು.

"ನಾಚಬೇಡಿ. ತಪ್ಪು ಯಾರದಿದ್ದರೂ ಚಿಂತೆಯಿಲ್ಲ" ಎಂದ.

ಅವರಲ್ಲಿ ಹಿರಿಯಳಾದವಳು ಹೇಳಿದಳು: "ನೀವು ಹೆಂಗೆ ಹೇಳ್ತೀರೋ ಹಂಗೆ ಮಾಡ್ತೀವಿ, ಯಜಮಾನ್ರೇ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಅವರಿಗೆ ನಿಜವಾಗಿ ಹೇಳಲು ಏನೂ ಇರಲಿಲ್ಲ. ಗುಂಡಿ ಒತ್ತಿದ ಒಂದು ವರ್ಷದಲ್ಲಿ ಅವರು ಅಕ್ಕಿಯ ಕಡೆ ನೋಡುವುದನ್ನೇ ಬಿಟ್ಟಿದ್ದರು. ನೋಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಬಿಡಿಸಿದವರು ಬೇರೆ ಬೇರೆ ಕಡೆ ಕೆಲಸ ಹಿಡಿದಿದ್ದರು. ಭಾವ ತನ್ನವರಲ್ಲಿ ಇಬ್ಬರನ್ನು ಕಳಿಸಿಕೊಟ್ಟ. ಅವರು ಬಂದು ಪ್ರಯತ್ನಪಟ್ಟರು. ಈ ಭಟ್ಟಿಯ ನೀರು, ಕಣ, ಬೇಯಿಸುವ ಹಂಡೆ ಅವರಿಗೆ ಹೊಸದು. ಹೊಂದಿಕೊಳ್ಳಲು ಕಾಲ ಬೇಕಾಗಿತ್ತು. ಕೊಳ್ಳುವವರು ಅಷ್ಟು ಕಾಯಲಿಲ್ಲ.

ಸುಗ್ಗಿ ಮುಗಿಯುವ ಹೊತ್ತಿಗೆ ಭಾಮೈದ ಭಟ್ಟಿ ಮುಚ್ಚಿದ. ಅವನ ಅಪ್ಪ ಹಾಕಿದ ಭಟ್ಟಿ ಅದು. ಬೀಗ ಹಾಕುವಾಗ ಅಕ್ಕ ಬಂದು ಪಕ್ಕದಲ್ಲಿ ನಿಂತಿದ್ದಳು. ಆಮೇಲೆ ಅವನು ಓಣಿಯ ತುದಿಯಲ್ಲಿ ಒಂದು ಮಳಿಗೆ ಹಿಡಿದು ಭಾವನ ಮಂಡಕ್ಕಿಯನ್ನೇ ಮಾರತೊಡಗಿದ. ಊಟಕ್ಕೆ ತೊಂದರೆಯಾಗಲಿಲ್ಲ. ದಿನವೂ ಬೆಳಿಗ್ಗೆ ಭಾವನ ಭಟ್ಟಿಗೆ ಹೋಗಿ ಚಾಪೆಯ ಒಂದು ಮೂಲೆಯಲ್ಲಿ ಕೂರುತ್ತಿದ್ದ. ಅವರ ಮಾತು ಕೇಳುತ್ತಿದ್ದ. ಕೇಳುತ್ತ ಕೇಳುತ್ತ ಅವನಿಗೆ ಒಂದು ವಿಷಯ ಮನದಟ್ಟಾಯಿತು. ಭಾವನ ಅಳತೆಗಳನ್ನೆಲ್ಲ ತಾನು ತಂದುಕೊಂಡಿದ್ದ. ಆ ಅಳತೆಗಳಿಗೆ ಅವರು ಬಂದು ಮುಟ್ಟಿದ ಮಳೆಗಾಲವನ್ನು ತರಲು ಆಗಿರಲಿಲ್ಲ. ತನ್ನ ಯಂತ್ರವೂ ಮೊದಲ ದಿನವೇ ಕೈಕೊಟ್ಟಿದ್ದರೆ ಒಳ್ಳೆಯದಿತ್ತು ಎಂದು ಅವನಿಗೆ ಅನ್ನಿಸಿತು.

ಎರಡು ವರ್ಷದ ಮೇಲೆ ಪಂಡಿತ ಮತ್ತೆ ಆ ಓಣಿಗೆ ಬಂದ. ಯಂತ್ರ ತಂದವರು ಈಗ ಹೇಗಿದ್ದಾರೆ ಎಂದು ತಿಳಿಯುವುದು ಅವನ ಉದ್ದೇಶ. ಅವನು ಬಂದ ಸುದ್ದಿ ಭಾಮೈದನ ಕಿವಿಗೂ ಬಿತ್ತು. ಮಳಿಗೆಯ ಮುಂದೆ ಒಂದು ಕುರ್ಚಿ ಹಾಕಿಸಿ ಕಾದ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡ. ಪಂಡಿತನ ಮೇಲೆ ಅವನಿಗೆ ಕೋಪವಿರಲಿಲ್ಲ. ತನಗೆ ತಿಳಿದದ್ದು ಅವನಿಗೂ ತಿಳಿಯಲಿ ಎಂಬ ಆಸೆ ಇತ್ತು, ಅಷ್ಟೆ.

ಪಂಡಿತ ಭಾವನ ಗಾದಿಯ ಮೇಲೆ ಕೂತು ಬೇಕಾದ್ದನ್ನು ಕೇಳಿಕೊಂಡ. ಪಕ್ಕದ ಭಟ್ಟಿಗೆ ಬೀಗ ಬಿದ್ದಿರುವುದನ್ನು ನೋಡಿದ. ಮುಚ್ಚಿದ ಭಟ್ಟಿ ಉತ್ತರ ಕೊಡುವುದಿಲ್ಲವಲ್ಲ ಎಂದುಕೊಂಡು ಅದನ್ನು ಲೆಕ್ಕದಿಂದ ಕೈಬಿಟ್ಟ. ಓಣಿಯ ತುದಿಗೆ ಬರುವಾಗ ಬಸ್ಸಿಗೆ ಹೊತ್ತಾಗಿತ್ತು. ಮಳಿಗೆಯ ಮುಂದೆ ನಿಂತಿದ್ದವನು ಯಾರೆಂದು ಅವನಿಗೆ ಗುರುತಾಗಲಿಲ್ಲ. ನಡೆದುಹೋದ.

ಭಾಮೈದ ಕೂಗಿ ಕರೆಯಬೇಕೆಂದುಕೊಂಡ. ಸೋತವನು ಕೂಗಿ ಕರೆದರೆ ದೂರು ಹೇಳಿದಂತೆ ಕೇಳಿಸುತ್ತದೆ ಎನಿಸಿತು. ಸುಮ್ಮನಾದ. ಕುರ್ಚಿ ಒಳಗೆ ಇಟ್ಟ.

ಬಕ್ಕೇಶಪ್ಪನವರು ಕತೆ ನಿಲ್ಲಿಸಿದರು.

ಪಂಡಿತನ ಪರವಾಗಿ ಏನಾದರೂ ಹೇಳಬೇಕೆಂದು ವನಜಾಕ್ಷಿಗೆ ಅನ್ನಿಸುತ್ತಿತ್ತು.

"ಎರಡನೇ ಸಲ ಅವರು ಬರೆದದ್ದರಲ್ಲಿ ಲೆಕ್ಕ ತಪ್ಪಿತ್ತೇ, ಸರ್?"

"ಲೆಕ್ಕ ಸರಿಯಾಗಿಯೇ ಇತ್ತಮ್ಮ, ಅದನ್ನು ಓದಿಕೊಂಡು ಆ ಓಣಿಯ ಮೂರನೆಯವನು ಈಗ ತನ್ನ ಒಲೆಗಳನ್ನು ಒಡೆಸುತ್ತಿದ್ದಾನೆ."