ಕೋಡಿ ಮಾಳವ್ವ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲದಲ್ಲಿ, ಒಂದೂರಿತ್ತಂತೆ. ಒಂದೂರು ಅಂದರೆ ಬೇರೆ ಯಾವುದೂ ಅಲ್ಲ, ಇದೇ ನಮ್ಮ ಮೂಡಲಕುಂಟೆ. ಆ ಊರಿಗೆ ಮಾಳವ್ವ ಅನ್ನೋಳು ಸೊಸೆಯಾಗಿ ಬಂದಳಂತೆ.

ಗಂಡನ ಮನೆಯವರು ಮಣ್ಣು ಕೆಲಸದವರು. ಕೆರೆಯ ಹೂಳು ತೆಗೆಯೋದು, ಏರಿಗೆ ಮಣ್ಣು ಹೊರೋದು ಅವರ ಕಸುಬು. ತಲೆ ಮೇಲೆ ಮಣ್ಣಿನ ಮಂಕರಿ ಇಟ್ಟುಕೊಂಡು ಮಾಳವ್ವ ಎರಡೂ ಕೈ ಬೀಸಿ ನಡೆಯೋಳಂತೆ. ಏರಿಗೆ ಕಿವಿ ಇಟ್ಟರೆ ಒಳಗೆ ಇಲಿ ಬಿಲ ತೋಡೋ ಸದ್ದೂ ಅವಳಿಗೆ ಕೇಳಿಸುತ್ತಿತ್ತಂತೆ. ನಿಜವೋ ಸುಳ್ಳೋ, ನಾನು ಕಂಡೋಳಲ್ಲ.

ಅವಳಿಗೆ ಮಕ್ಕಳಿದ್ದವೋ ಇಲ್ಲವೋ, ಅದೂ ಯಾರಿಗೂ ನೆನಪಿಲ್ಲ. ಯಾಕೆ ಅಂದರೆ ಊರಿನ ಮಕ್ಕಳೆಲ್ಲ ಅವಳ ಮನೆ ಮುಂದೆಯೇ ಇರುತ್ತಿದ್ದವಂತೆ.

ಮುಂಗಾರಿನ ಮೊದಲ ಮಳೆ ಹುಯ್ದು ಓಣಿಯಲ್ಲಿ ನೀರು ಹರಿಯಿತು ಅಂದರೆ ಸಾಕು, ಮಾಳವ್ವ ಸೆರಗು ಸಿಕ್ಕಿಸಿ ಕೆಸರಲ್ಲಿ ಕೂತುಬಿಡೋಳಂತೆ. ಪ್ರತಿ ಮಗುವೂ ಒಂದು ಪುಟ್ಟ ಕೆರೆ ಕಟ್ಟಬೇಕು. ಏರಿ ಹಾಕಿ ತುಳಿದು ಗಟ್ಟಿ ಮಾಡಬೇಕು. ಹೊಲಕ್ಕೆ ನೀರು ಬಿಡೋಕೆ ಹರಳೆಲೆಯ ಟೊಳ್ಳು ದಂಟು ಇಟ್ಟು ತೂಬು ಮಾಡಬೇಕು. ಕೊನೆಗೆ ಏರಿಯ ಒಂದು ಮೂಲೆಯಲ್ಲಿ, ಏರಿಗಿಂತ ತಗ್ಗಾಗಿ, ಕಲ್ಲು ಹಾಸಿ ಕೋಡಿ ಬಿಡಬೇಕು. ಕೆರೆ ತುಂಬಿದ ಮೇಲೆ ಬಂದ ನೀರು ಆ ಕೋಡಿಯಿಂದ ಹೊರಗೆ ಹರಿದು, ತನ್ನ ಪಾಡಿಗೆ ತಾನು ಹಳ್ಳ ಸೇರಬೇಕು. ಏರಿಯ ಕೆಳಗೆ ಕಡ್ಡಿಯ ಮನೆಗಳು, ಜೇಡಿಮಣ್ಣಿನ ಮನುಷ್ಯರು. ಎಲ್ಲ ಆದ ಮೇಲೆ ಮಾಳವ್ವ ಕೊಡ ಎತ್ತಿ ಒಂದೊಂದು ಕೆರೆಗೂ ನೀರು ಸುರಿಯೋಳಂತೆ.

ಮೈತುಂಬ ಕೆಸರು ಮೆತ್ತಿಕೊಂಡು ಬಂದ ಮಕ್ಕಳನ್ನು ನೋಡಿ ತಾಯಂದಿರು ಗೊಣಗುತ್ತಿದ್ದರಂತೆ. ಮಕ್ಕಳು ಮಾತ್ರ ಮರುದಿನ ಮತ್ತೆ ಅಲ್ಲೇ.

ಊರ ಗೌಡನ ಮಗ ಕದರಪ್ಪ ಅಂತ ಒಬ್ಬ ಹಟಮಾರಿ ಹುಡುಗ. ಅವನು ಕೋಡಿ ಬಿಡೋಲ್ಲ ಅಂದನಂತೆ. ನನ್ನ ಕೆರೆ ನೀರನ್ನ ನಾನ್ಯಾಕೆ ಹಳ್ಳಕ್ಕೆ ಬಿಡಲಿ ಅಂತ ಅವನ ವಾದ. ಎಲ್ಲರ ಏರಿಗಿಂತ ಎತ್ತರದ ಏರಿ ಹಾಕಿದನಂತೆ. ಮಾಳವ್ವ ಬೇಡ ಅನ್ನಲಿಲ್ಲ. ನೀರು ಸುರಿದಳು. ನೀರು ಏರಿತು, ಏರಿತು, ಏರಿ ನಿಂತಿತು. ಕದರಪ್ಪ ಕುಣಿದನಂತೆ. ಅಷ್ಟರಲ್ಲಿ ನೀರು ಏರಿಯ ತಲೆ ಮೇಲೆ ಎಳೆಯಾಗಿ ಉಕ್ಕಿತು. ಎಳೆ ಇದ್ದದ್ದು ಬಿರುಕಾಯಿತು. ಕಣ್ಣು ಮುಚ್ಚಿ ತೆರೆಯೋದರಲ್ಲಿ ಏರಿ ಒಡೆದು ಕೆಳಗಿನ ಮನೆಗಳೆಲ್ಲ ಕೊಚ್ಚಿ ಹೋದವಂತೆ. ಈರಿ ಅನ್ನೋ ಪುಟ್ಟ ಹುಡುಗಿಯ ಜೇಡಿಗೊಂಬೆಯೂ ಹೋಯಿತು. ಅವಳು ಗಟ್ಟಿಯಾಗಿ ಅತ್ತಳಂತೆ.

ಮಾಳವ್ವ ಕದರಪ್ಪನನ್ನು ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ತನ್ನ ತವರಿನ ಮಾತು ಹೇಳಿದಳಂತೆ. ಅಲ್ಲೂ ಒಂದು ಕೆರೆ ಇತ್ತು. ಆ ಕೆರೆ ಒಡೆದಾಗ ಅವಳಿನ್ನೂ ಸಣ್ಣೋಳು. ತಂಗಿಯ ಕೈ ಹಿಡಿದುಕೊಂಡು ಓಡಿದ್ದಳು.

"ನಾನು ಕೈ ಬಿಡಲಿಲ್ಲ ಕಣಪ್ಪ. ನೀರೇ ಬಿಡಿಸಿಕೊಳ್ತು," ಅಂದಳಂತೆ.

ಕದರಪ್ಪ ಎದ್ದು ಕೊಚ್ಚಿ ಹೋದ ಮಣ್ಣನ್ನು ಬಾಚಿ ತಂದ. ಆಮೇಲೆ ಮತ್ತೆ ಏರಿ ಹಾಕಿ, ಕೋಡಿಯನ್ನೂ ಬಿಟ್ಟನಂತೆ.

ಕಾಲ ಸರಿಯಿತು. ಕದರಪ್ಪ ದೊಡ್ಡವನಾಗಿ ಗೌಡನಾದ. ಈರಿಯನ್ನು ಅದೇ ಊರಿನಲ್ಲಿ, ಕೆರೆ ಏರಿಯ ಕೆಳಗಿನ ಕೇರಿಗೆ ಮದುವೆ ಮಾಡಿ ಕೊಟ್ಟರು. ಮಾಳವ್ವ ಮುದುಕಿಯಾಗಿ ಕಾಲಿನ ಶಕ್ತಿ ಕಳೆದುಕೊಂಡಳು. ಮಳೆ ಚೂರು ಹಿಂದುಮುಂದಾದ ಕಾಲ. ಇನ್ನಷ್ಟು ನೀರು ನಿಲ್ಲಲಿ ಅಂತ ಊರವರು ಕೆರೆಯ ಕೋಡಿಗೆ ಕಲ್ಲು ಮಣ್ಣು ತುಂಬಿ ಮುಚ್ಚಿದರಂತೆ. ಕೋಡಿ ನೀರು ಹರಿಯೋ ಜಾಗ ಒಣಗಿತು. ಒಣಗಿದ ಜಾಗ ಫಲವತ್ತಾದ ಮಣ್ಣು. ಯಾರೋ ಒಬ್ಬರು ಅಲ್ಲಿ ರಾಗಿ ಬಿತ್ತಿದರು, ಆಮೇಲೆ ಇನ್ನೊಬ್ಬರು, ಕೊನೆಗೆ ಗೌಡನೂ ಬಿತ್ತಿದ. ಬೇಡ ಅಂತ ಮಾಳವ್ವ ಹೇಳಿ ಕಳಿಸಿದಳಂತೆ. ಕೆರೆ ತುಂಬಿದ ದಿನ ನೋಡೋಣ ಬಿಡವ್ವ ಅಂದರಂತೆ.

ಆ ದಿನ ಬಂತು. ಚಿತ್ತೆ ಮಳೆ ಹಿಡಿದದ್ದು ಬಿಡಲೇ ಇಲ್ಲ. ರಾಗಿ ತೆನೆ ಬಲಿತು ಬಾಗಿತ್ತು. ಕೆರೆ ನೀರು ಏರಿಯ ತಲೆಗೆ ಗೇಣಷ್ಟೇ ಉಳಿದಿತ್ತು. ಊರಿಗೆ ಊರೇ ಮಣ್ಣು ಹೊತ್ತು ಏರಿ ಎತ್ತರಿಸುತ್ತಿತ್ತು. ಅವರು ಎತ್ತರಿಸಿದಷ್ಟೂ ನೀರು ಏರುತ್ತಿತ್ತಂತೆ.

ಮಾಳವ್ವ ಒಬ್ಬರ ಬೆನ್ನೇರಿ ಕೋಡಿ ಹತ್ತಿರ ಬಂದಳಂತೆ. ಮೊದಲು ಕೆಳಗಿನ ಕೇರಿಯವರನ್ನು ದನಕರು ಸಮೇತ ದಿಬ್ಬಕ್ಕೆ ಹತ್ತಿಸಿ ಅಂದಳು. ಆಮೇಲೆ ಗೌಡನನ್ನು ಕರೆಸಿದಳು.

"ಕೋಡಿ ಬಿಡು ಮಗ."

"ಅವ್ವ, ತೆನೆ ಬಲಿತದೆ. ನಂದೊಬ್ಬಂದೇ ಅಲ್ಲ. ಎಷ್ಟೊಂದು ಮನೆ ಅನ್ನ ಅದು."

"ಬಲ್ಲೆ. ಬಾಣಂತಿ ಈರಿ ಇನ್ನೂ ಆ ಕೇರಿಯಲ್ಲೇ ಅವಳೆ. ದಿಬ್ಬ ಹತ್ತೋಕೆ ಹೊತ್ತು ಬೇಕು. ಏರಿ ಆ ಹೊತ್ತು ಕೊಡಾಕಿಲ್ಲ."

ಗೌಡ ರಾಗಿಯ ಕಡೆ ನೋಡಿದನಂತೆ. ಕೆರೆಯ ಕಡೆ ನೋಡಿದನಂತೆ. ಯಾರನ್ನೂ ಕೇಳದೆ ಹಾರೆ ತೆಗೆದುಕೊಂಡು ತಾನೇ ಕೋಡಿಗಿಳಿದ. ಅವನು ತಳದ ಕಲ್ಲಿಗೆ ಹಾರೆ ಹಾಕಲು ಹೋದಾಗ ಮಾಳವ್ವ ತಡೆದಳಂತೆ. ಒಂದೇ ಸಲಕ್ಕೆ ಬಿಟ್ಟರೆ ನೀರು ಕೋಡಿಯನ್ನೇ ಕಿತ್ತು ಒಯ್ಯುತ್ತದೆ, ಮೇಲಿನಿಂದ ಒಂದೊಂದೇ ಕಲ್ಲು ತೆಗಿ ಅಂದಳು. ಅವಳು ಕೈ ತೋರಿದಂತೆ ಅವನು ಕಲ್ಲು ಕಿತ್ತ. ನೀರು ಮೊದಲು ಪಾದ ತೋಯುವಷ್ಟು ಹರಿಯಿತು, ಆಮೇಲೆ ಮೊಣಕಾಲಷ್ಟು. ರಾಗಿಯೆಲ್ಲ ಮಲಗಿತು. ಏರಿ ನಿಂತಿತು. ಈರಿ ಕೂಸನ್ನು ಅವುಚಿಕೊಂಡು ದಿಬ್ಬ ಹತ್ತಿದ ಮೇಲೂ ನಿಂತೇ ಇತ್ತು.

ಮಾಳವ್ವ ಗದರಿದ್ದಕ್ಕೆ ನೀರು ಬಾಗಿ ಹೋಯಿತು ಅಂತ ಕೆಲವರು ಹೇಳುತ್ತಾರೆ. ನಮ್ಮಜ್ಜಿ ಹಾಗೆ ಹೇಳುತ್ತಿರಲಿಲ್ಲ. ಕದರಪ್ಪ ಗೌಡ ನೀರಲ್ಲಿ ನಿಂತು ಅಳುತ್ತಿದ್ದ, ಮಾಳವ್ವ ದಡದಲ್ಲಿ ಕೂತು ಅವನ ತಲೆ ಸವರುತ್ತಿದ್ದಳು, ಅಷ್ಟೇ ಅನ್ನೋಳು. ಬೆಳೆ ಕಳಕೊಂಡ ಮನೆಗಳಿಗೆ ಆ ವರ್ಷ ಊರವರೆಲ್ಲ ಸೇರಿನಲ್ಲಿ ಅಳೆದು ರಾಗಿ ಕೊಟ್ಟರಂತೆ.

ಅವತ್ತಿನಿಂದ ಕೋಡಿ ಕೆಳಗೆ ಯಾರೂ ಬಿತ್ತಿಲ್ಲ. ಆ ಜಾಗಕ್ಕೆ ಮಾಳವ್ವನ ಹಾದಿ ಅಂತಲೇ ಹೆಸರು. ಮುಂಗಾರಿಗೆ ಮುಂಚೆ ಊರಿನ ಮಕ್ಕಳೆಲ್ಲ ಅಲ್ಲಿಗೆ ಹೋಗಿ, ಬೆಳೆದ ಜಾಲಿ ಗಿಡ ಕಿತ್ತು, ಬಿದ್ದ ಕಲ್ಲು ಆರಿಸಿ, ಹಳ್ಳದವರೆಗೂ ದಾರಿ ಬಿಡಿಸುತ್ತಾರೆ. ಮನೆಮನೆಯಿಂದ ಬುತ್ತಿ ಬರುತ್ತದೆ. ಕೋಡಿ ಕಲ್ಲಿನ ಮೇಲೆ ಕೂತು ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ.

ನಾಳೆ ಆ ಹಾದಿ ಬಿಡಿಸೋ ಸರದಿ ನಿಮ್ಮದು, ಮಕ್ಕಳೇ. ಬುತ್ತಿಗೆ ರೊಟ್ಟಿ ತಟ್ಟೋದು ನನ್ನ ಕೆಲಸ. ಬೇಗ ಮಲಗಿ.